ಗಂಟೆಯ ಕುತ್ತಿಗೆಯ ಎಣ್ಣೆ ಕಲೆ

ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕಲೆಗಾರ ಎಂದೇ ಕರೆಯುತ್ತಿದ್ದರು. ಚಿತ್ರ ಬರೆಯುವವನಲ್ಲ, ಹಾಡುವವನಂತೂ ಅಲ್ಲವೇ ಅಲ್ಲ. ಬಟ್ಟೆಯ ಮೇಲಿನ ಕಲೆ ತೆಗೆಯುವವನು. ರಕ್ತ ತಣ್ಣೀರಿಗೆ ಬಿಡುತ್ತದೆ, ಎಣ್ಣೆಗೆ ಬಿಸಿನೀರೇ ಬೇಕು, ಟಿಂಚರು ಯಾವುದಕ್ಕೂ ಜಗ್ಗುವುದಿಲ್ಲ. ಇಪ್ಪತ್ತಾರು ವರ್ಷ ಆ ಹಬೆಯಲ್ಲಿ ಬೆಂದವನಿಗೆ ಇದೆಲ್ಲ ಬೆರಳ ತುದಿಯಲ್ಲಿತ್ತು. ಒಮ್ಮೆ ಬಸ್ಸಿನಲ್ಲಿ ಪಕ್ಕದವನ ಅಂಗಿಯ ಮೇಲೆ ಶಾಯಿ ಕಲೆ ಕಂಡು, "ಸ್ವಲ್ಪ ಬಿಚ್ಚಿ ಕೊಡ್ತೀರಾ?" ಎಂದು ಕೇಳಿ ಬೈಸಿಕೊಂಡ ಆಸಾಮಿ.

ಮನೆಯಲ್ಲಿ ಅವನು ಮತ್ತು ಅಕ್ಕ, ಇಬ್ಬರೇ. ಆಸ್ಪತ್ರೆಯ ಹರಿದ ಹಾಸಿಗೆ ಬಟ್ಟೆಗಳಿಗೆ ತೇಪೆ ಹಾಕುವುದು ಅಕ್ಕನ ಕೆಲಸ. ಹಳೆಯ ಜ್ವರವೊಂದು ಅವಳ ಕಿವಿಗಳನ್ನು ಕೊಂಡೊಯ್ದಿತ್ತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಐದು ವರ್ಷದ ಹಿಂದೆ ಗೇಟಿನ ಬಳಿ ಸಿಕ್ಕ ಕಂದು ಬಣ್ಣದ ನಾಯಿಮರಿಗೆ ಯಾರೂ ಏನೂ ಕಲಿಸಿರಲಿಲ್ಲ. ಯಾರಾದರೂ ಬಾಗಿಲು ಬಡಿದರೆ ಅದಾಗಿಯೇ ಓಡಿಬಂದು ಅಕ್ಕನ ಬಟ್ಟೆಯ ಅಂಚು ಹಿಡಿದು ಎಳೆಯುತ್ತಿತ್ತು. ಅದಕ್ಕೇ ಗಂಟೆ ಎಂದು ಹೆಸರಿಟ್ಟರು. ಹಾಲು ಉಕ್ಕಿದರೂ ಎಳೆಯುತ್ತದೆ ಎಂದು ಅಕ್ಕ ಹೆಮ್ಮೆಪಡುತ್ತಿದ್ದಳು. ಅದು ಹಾಲಿನ ಆಸೆಗೆ ಎಂದು ತಮ್ಮನ ವಾದ.

ಲಾಂಡ್ರಿಯ ನೀರು ಹರಿಯುವ ಚರಂಡಿ ಮನೆಯ ಹಿಂದೆಯೇ ಇತ್ತು. ಸಂಜೆಯಾದರೆ ಸೊಳ್ಳೆಗಳ ದಂಡು, ದಡದ ಹುಲ್ಲಿನಲ್ಲಿ ಉಣ್ಣಿಗಳ ಸಂತೆ. ಅಕ್ಕ ಆಸ್ಪತ್ರೆಯ ಹರಿದ ಸೊಳ್ಳೆಪರದೆಯೊಂದನ್ನು ಕತ್ತರಿಸಿ, ಗಂಟೆ ಮಲಗುವ ಮರದ ಪೆಟ್ಟಿಗೆಗೆ ಸರಿಯಾಗಿ ಹೊಲಿದಳು. ಸಂಜೆ ಸಂಜೆಗೂ ಅದನ್ನು ಕಾಲ ಮೇಲೆ ಮಲಗಿಸಿಕೊಂಡು, ಚಿಮಟದಿಂದ ಒಂದೊಂದೇ ಉಣ್ಣಿ ಕಿತ್ತು ಸೋಪಿನ ನೀರಿಗೆ ಹಾಕುವಳು. ಅಷ್ಟಾದರೂ ಮುಗಿಯದಿದ್ದಾಗ ನಾಯಿ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರಮ್ಮ ಬಗ್ಗಿ ಕುತ್ತಿಗೆಯ ಹಿಂದೆ ಕೂದಲು ಬಿಡಿಸಿ ನಾಲ್ಕು ಹನಿ ಔಷಧಿ ಹಾಕಿದರು. ಬಗ್ಗಿಕೊಂಡೇ ಏನೇನೋ ಹೇಳಿದರು. ಅಕ್ಕ ತಲೆಯಾಡಿಸಿದಳು. ತಿಂಗಳಿಗೊಮ್ಮೆ ಹಾಕಲು ಇನ್ನಷ್ಟು ಕೊಟ್ಟು, ಒಂದು ಬೆರಳು ತೋರಿಸಿದರು. ಅಷ್ಟು ಅರ್ಥವಾಯಿತು.

ಮರುದಿನ ಗಂಟೆಯ ಕುತ್ತಿಗೆಯಲ್ಲಿ ಕೂದಲು ಅಂಟಂಟಾಗಿ ಮೆತ್ತಿಕೊಂಡಿದ್ದು ಕಲೆಗಾರನ ಕಣ್ಣಿಗೆ ಬಿತ್ತು. ಎಣ್ಣೆ ಕಲೆ! ಬಿಟ್ಟಾನೆಯೇ? ಬೆಚ್ಚಗಿನ ನೀರು, ಸೋಪು, ಎರಡು ಸಲ ತಿಕ್ಕು. ಅಕ್ಕ ಚೊಂಬಿನಲ್ಲಿ ನೀರು ಹಾಕಿದಳು. ಗಂಟೆ ಮೈ ಕೊಡವಿ ಇಬ್ಬರನ್ನೂ ತೋಯಿಸಿತು. ಹೀಗೆ ನಾಲ್ಕು ತಿಂಗಳು: ಒಂದು ದಿನ ಔಷಧಿ, ಮರುದಿನ ಸ್ನಾನ. ತಮ್ಮಷ್ಟು ಮುತುವರ್ಜಿ ಇನ್ಯಾರಿಗಿದೆ ಎಂದು ಇಬ್ಬರೂ ಒಳಗೊಳಗೇ ಬೀಗುತ್ತಿದ್ದರು.

ಐದನೆಯ ತಿಂಗಳು ಗಂಟೆ ಊಟ ಬಿಟ್ಟಿತು. ಬಾಗಿಲು ಬಡಿದರೆ ತಲೆ ಎತ್ತುವುದು, ಏಳಲಾಗದೆ ಅಕ್ಕನ ಮುಖ ನೋಡುವುದು. ಮೂಗಿನಿಂದ ರಕ್ತ ಬಂದ ದಿನ ಕಲೆಗಾರ ಕೆಲಸಕ್ಕೆ ರಜೆ ಹಾಕಿ, ಅದನ್ನು ಹೆಗಲ ಮೇಲೆ ಹೊತ್ತು ಡಾಕ್ಟರಮ್ಮನ ಬಳಿಗೆ ಓಡಿದ. ಉಣ್ಣಿ ಜ್ವರ ಎಂದರು. ಬೆರಳ ಸಂದಿಯಿಂದ, ಕಿವಿಯ ಆಳದಿಂದ ಚಿಮಟಕ್ಕೆ ಸಿಗದ ಉಣ್ಣಿಗಳನ್ನು ತೆಗೆದು ತೋರಿಸಿದರು. ಸೂಜಿ ಚುಚ್ಚಿದರು, ಬಾಟಲಿ ಹಾಕಿದರು. ಮೂರನೆಯ ದಿನ ಮಧ್ಯಾಹ್ನ ಅಲ್ಲಿನ ಮೇಜಿನ ಮೇಲೆಯೇ ಗಂಟೆಯ ಉಸಿರು ನಿಂತಿತು.

"ನಾನು ಕೊಟ್ಟ ಔಷಧಿ ಹಾಕ್ತಿದ್ರಾ?" ಡಾಕ್ಟರಮ್ಮ ಕೇಳಿದರು.

"ಒಂದು ತಿಂಗಳೂ ತಪ್ಪಿಸಿಲ್ಲ ಮೇಡಂ. ಮಾರನೇ ದಿನ ಚೆನ್ನಾಗಿ ತೊಳೀತಾನೂ ಇದ್ದೆ."

"ಔಷಧಿ ಹಾಕಿದ ಮೇಲೆ ಮೂರು ದಿನ ನೀರು ಸೋಕಿಸಬಾರದು ಅಂತ ಅವತ್ತೇ ನಿಮ್ಮ ಅಕ್ಕನಿಗೆ ಹೇಳಿದ್ದೆನಲ್ಲಾ."

"ಅವಳಿಗೆ ಕಿವಿ ಕೇಳಲ್ಲ ಮೇಡಂ."

"ತಲೆ ಆಡಿಸಿದ್ರು."

ಆಡಿಸುತ್ತಾಳೆ. ಎಷ್ಟು ಸಲ ತಾನೇ "ಏನಂದ್ರಿ?" ಎಂದು ಕೇಳಿಯಾಳು? ಅಂಗಡಿಯಲ್ಲಿ, ಬೀದಿಯಲ್ಲಿ, ಯಾರು ಏನು ಹೇಳಿದರೂ ಅವಳು ನಕ್ಕು ತಲೆಯಾಡಿಸುತ್ತಾಳೆ. ಅದು ಕಲೆಗಾರನಿಗೆ ಗೊತ್ತಿಲ್ಲದ್ದೇನಲ್ಲ.

ಚರಂಡಿಯಾಚೆ ಗುಂಡಿ ತೋಡಿ ಮಣ್ಣು ಮಾಡಿ ಬಂದಾಗ ಅಕ್ಕ ಕೇಳಿದಳು, "ಡಾಕ್ಟರು ಏನಂದ್ರೋ?"

ಮೆಲ್ಲಗೆ ಹೇಳಬಹುದಾದ ಮಾತಾಗಿದ್ದರೆ ನಿಜ ಹೇಳುತ್ತಿದ್ದನೋ ಏನೋ. ಅಕ್ಕನಿಗೆ ಮೆಲ್ಲಗೆ ಹೇಳಲಾಗುವುದಿಲ್ಲ. ಅವನು ಎದೆ ತುಂಬ ಉಸಿರೆಳೆದುಕೊಂಡು ಕೂಗಿದ: "ಹುಟ್ಟಿನಿಂದಲೇ ಹೃದಯ ಸರಿ ಇರ್ಲಿಲ್ವಂತೆ! ಯಾರೂ ಏನೂ ಮಾಡೋ ಹಾಗಿರ್ಲಿಲ್ವಂತೆ!" ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ಅಕ್ಕ ತಲೆಯಾಡಿಸಿದಳು.

ಎಂಟು ದಿನ ಕಳೆದಿರಬಹುದು. ಕೆಲಸ ಮುಗಿಸಿ ಬಂದವನು ಅಭ್ಯಾಸಬಲದಿಂದ ಬಾಗಿಲು ಬಡಿದ. ಬಡಿದ ಮೇಲೆ ನೆನಪಾಗಿ, ಬೀಗದ ಕೈಗೆ ಜೇಬು ತಡಕಿದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ ಬಾಗಿಲಿಗೆ ಒತ್ತಿಕೊಂಡೇ ಸ್ಟೂಲು ಹಾಕಿ ಕುಳಿತಿದ್ದಳು. ತೊಡೆಯ ಮೇಲೆ ಹೊಲಿಗೆ ಹಾಗೆಯೇ ಬಿದ್ದಿತ್ತು.

"ಅಂಗೈ ಇಟ್ಟುಕೊಂಡು ಕೂತರೆ ಹಲಗೆ ಅದುರೋದು ಗೊತ್ತಾಗತ್ತೆ. ಒಂದು ಕೈಲಿ ಹೊಲಿಯೋಕಾಗಲ್ಲ, ಅಷ್ಟೇ," ಎಂದಳು. ಹೊಲಿಗೆಯ ಕೆಳಗಿಂದ ಹೊಸ ನೋಟ್‌ಬುಕ್ಕೊಂದನ್ನು ತೆಗೆದು ಅವನ ಕೈಗಿಟ್ಟಳು. "ಇನ್ಮೇಲೆ ಎಲ್ಲಿ ಹೋದ್ರೂ ಬರೆದುಕೊಡಿ ಅಂತ ಕೇಳ್ತೀನಿ. ಮೊದಲು ಡಾಕ್ಟರ ಹತ್ರಾನೇ ಹೋಗಿದ್ದೆ."

ಮೊದಲ ಪುಟದಲ್ಲಿ ಡಾಕ್ಟರಮ್ಮನ ಕೈಬರಹ. ಔಷಧಿ ಹಾಕಿದ ಮೇಲೆ ಮೂರು ದಿನ ತೊಳೆಯಬಾರದಿತ್ತು. ಅವನು ಎರಡನೆಯ ಸಲ ಓದಲಿಲ್ಲ.

"ತೊಳೆದಿದ್ದು ನಾನಲ್ವೇನೇ!" ಎಂದು ಕೂಗಿದ.

"ನೀರು ಹಾಕಿದ್ದು ನಾನು. ಕೇಳಿಸದಿದ್ರೂ ತಲೆ ಆಡಿಸಿದ್ದೂ ನಾನು." ಅಕ್ಕ ಅವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. "ಸುಳ್ಳು ಅಂತ ಅವತ್ತೇ ಗೊತ್ತಾಯ್ತು ಕಣೋ. ನಿಜ ಹೇಳೋವಾಗ ನಿನ್ನ ಕುತ್ತಿಗೆ ನರ ಹಾಗೆ ಉಬ್ಬಲ್ಲ."

ಇಬ್ಬರೂ ಅತ್ತರು. ಅವಳು ಸದ್ದು ಮಾಡಿ ಅತ್ತಳು. ಎಷ್ಟು ಜೋರು ಎಂದು ಅವಳಿಗೆ ತಿಳಿಯುವಂತಿರಲಿಲ್ಲ.

ಮೂಲೆಯಲ್ಲಿ ಪೆಟ್ಟಿಗೆ ಇನ್ನೂ ಇತ್ತು. ಒಳಗೆ ಮಡಿಸಿದ ಬಟ್ಟೆಯ ಮೇಲೆ, ಗಂಟೆ ಕುತ್ತಿಗೆ ಇಡುತ್ತಿದ್ದ ಜಾಗದಲ್ಲಿ, ಕೊನೆಯ ಸಲದ ಔಷಧಿಯ ಎಣ್ಣೆ ಕಲೆ ಅಂಗೈಯಗಲ ಹರಡಿತ್ತು. ಬಿಸಿನೀರಿಗೆ ಬಿಡುವ ಕಲೆ, ಎರಡು ನಿಮಿಷದ ಕೆಲಸ. ಕಲೆಗಾರ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತ. ಹೊರಗೆ ಸಂಜೆಯಾಗಿ ಸೊಳ್ಳೆಗಳು ಶುರುವಾದಾಗ ಎದ್ದು, ಪರದೆಯ ಅಂಚನ್ನು ಪೆಟ್ಟಿಗೆಯ ಸುತ್ತ ಸರಿಯಾಗಿ ಸಿಕ್ಕಿಸಿದ.