ನಮ್ಮಾಂವ ಔಷಧ ತಗೊಂಡಾನಂತ

ಕಾರ್ಖಾನಿಗೋಳ ಊರು ವಾಳೂಜದಾಗ ನನ್ನ ಖೋಲಿ ಐತಲ್ರಿ, ಅದರ ಎರಡೂ ಬಾಜೂಕ ಹುಡುಗರು ತುಂಬ್ಯಾರ. ಎಲ್ಲಾರೂ ಕ್ರಿಕೆಟ್ ನೋಡವ್ರು. ನಾನೊಬ್ಬನ ಸೈಕಲ್ ರೇಸಿನ ಹುಚ್ಚ. ಜುಲೈ ಬಂತಂದ್ರ ಡ್ಯೂಟಿ ಮುಗಿಸಿ ಬಂದು ಮೊಬೈಲ್ ಹಚ್ಚಿ ಕೂಡ್ತೀನಿ. ಫ್ರಾನ್ಸಿನ ಗುಡ್ಡ, ಬಗ್ಗಿದ ಬೆನ್ನು, ದಾರಿ ಎರಡೂ ಕಡೆ ಕಿರಚೋ ಮಂದಿ. ನನ್ನ ಜೋಡಿ ಕಿರಚಾಕ ಒಬ್ಬರೂ ಇಲ್ಲ. "ಅರೆ ಭಾಯಿ, ಇದರಾಗ ಬಾಲ್ ಎಲ್ಲೈತಿ?" ಅಂತ ಒಬ್ಬ ಕೇಳಿದ್ದ. ಅವತ್ತಿಂದ ಬಾಗಲಾ ಹಾಕ್ಕೊಂಡು ನೋಡ್ತೀನಿ.

ನಾ ವಿಜಯಪುರದ ಕಡೇಂವ. ನಮ್ಮಲ್ಲಿ ಸೈಕಲ್ ಅಂದ್ರ ಜೀವಾ ಬಿಡ್ತಾರ. ಸಣ್ಣಾಂವಿದ್ದಾಗ ನಾನೂ ರೇಸಿಗೆ ಇಳಿದಾಂವನ. ಗೆದ್ದಿಲ್ಲ, ಆ ಮಾತು ಬ್ಯಾರೆ. ಈಗ ಐತವಾರಕ್ಕೊಮ್ಮೆ ದೌಲತಾಬಾದ್ ಘಾಟ್ ಏರತೀನಿ, ಮ್ಯಾಲ ಮುಟ್ಟೂದ್ರಾಗ ಹೆಣಾ ಬೀಳತೈತಿ. ಅದಕ್ಕ ಏರೂದಂದ್ರ ಏನಂತ ನನಗ ಗೊತ್ತು. ಏರಿದಾಂವ ತನ್ನ ಕಾಲಿನ ಕಸುವಿಂದನ ಏರ್ಯಾನ ಅಂತ ನಂಬಾಕ ಬರಬೇಕು. ಇಲ್ಲಂದ್ರ ನೋಡೂದಾದ್ರೂ ಯಾಕ್ರಿ? ಈ ಆಟದಾಗ ಸೂಜಿ ಚುಚ್ಚಿಸಿಕೊಂಡು, ಗುಳಗಿ ನುಂಗಿ ಗೆದ್ದವ್ರು ಅದಾರ, ನನಗೇನು ತಿಳಿಯಂಗಿಲ್ಲ? ಒಬ್ಬೊಬ್ಬ ಸಿಕ್ಕಾಗೂ ಹೊಟ್ಟಿ ಉರೀತೈತಿ, ಇನ್ನ ಮ್ಯಾಲ ನೋಡಂಗಿಲ್ಲ ಅಂತೀನಿ. ಮತ್ತ ಜುಲೈ ಬರತೈತಿ. ಇದೊಂದ ಸಲ ಯಾರರ ಬರೇ ಅನ್ನಾ ಉಂಡು ಗೆಲ್ಲಲಿ ಅಂತ ಮತ್ತ ಆಸೆ.

ಇಲ್ಲಿಂದ ಬಸ್ಸಿನಾಗ ನಾಕೈದ ತಾಸಿನ ದಾರಿ, ನಾಸಿಕ್ ರೋಡಿನಾಗ ನಮ್ಮಕ್ಕ ಇರತಾಳ. ಉಡುಪಿ ಕಡೇವ್ರ ಹೋಟೆಲ್ಲಿನಾಗ ಚಪಾತಿ ಲಟ್ಟಸ್ತಾಳ. ರೇಸಿನ ಗಂಧಗಾಳಿ ಆಕಿಗೆ ಗೊತ್ತಿಲ್ಲ. ಆದ್ರೂ ದಿನಾ ಸಂಜೀಕ ಫೋನಿನಾಗ "ನಿಮ್ಮಾಂವ ಹೆಂಗದಾನಪಾ?" ಅಂತ ಕೇಳ್ತಾಳ. ನಮ್ಮಾಂವ ಅಂದ್ರ ನಾ ಮೆಚ್ಚಿದ ಒಬ್ಬ ತೆಳ್ಳಗಿನ ಸವಾರ. ಅವನ ಹೆಸರು ಅಕ್ಕನ ನಾಲಿಗಿಗೆ ಹೊರಳಲಿಲ್ಲ, ಅದಕ್ಕ 'ನಮ್ಮಾಂವ' ಆದ. ಅವನ ಮುಖಾ ನೋಡಿದ್ರ ಸುಳ್ಳು ಹೇಳಾಂವ ಅನ್ನಸ್ತಿರಲಿಲ್ಲ. ಇಡೀ ದಿನದಾಗ ನಾ ಬಾಯಿ ತುಂಬ ಆಡೋ ಮಾತು ಅವನ ಸುದ್ದಿ ಒಂದ. ಉಳಿದ ಹೊತ್ತೆಲ್ಲಾ ಮರಾಠಿದಾಗ ಸುಪರ್ವೈಜರ್‌ಗ "ಹೋ ಸಾಹೇಬ, ಹೋ ಸಾಹೇಬ" ಅನ್ನೂದು.

ಹೋದ ಜುಲೈದಾಗ ಒಂದಿನ ಮುಂಜಾನೆ ಡ್ಯೂಟಿಗೆ ಹೊಂಟಾಗ ಮೊಬೈಲಿನಾಗ ಸುದ್ದಿ ಬಂತು. ಟೆಸ್ಟ್ ಮಾಡಿದ್ರಾಗ ನಮ್ಮಾಂವನೂ ಸಿಕ್ಕಬಿದ್ದಿದ್ದ. ಗೇಟಿನ ಮುಂದ ನಿಂತು ಅಕ್ಕಗ ಫೋನ್ ಹಚ್ಚಿದೆ. ಎತ್ತಿದಾಕಿ ಆಕಿ ಮಗಳು. ನಾಸಿಕದಾಗ ಹುಟ್ಟಿ ಬೆಳದಾಕಿ. ಕನ್ನಡ ಅರ್ಧಾ ತಿಳೀತೈತಿ, ಉಳಿದರ್ಧಾ ಅಂದಾಜು. "ಅವ್ವಗ ಹೇಳವಾ, ನಮ್ಮಾಂವ ಔಷಧ ತಗೊಂಡಾನಂತ. ನನಗಂತೂ ಎಲ್ಲಾ ಸಾಕಾಗೇತಿ" ಅಂದೆ. ಕಂಪನಿ ರೂಲಿನಂಗ ಮೊಬೈಲ್ ಲಾಕರಿನಾಗ ಇಟ್ಟು ಒಳಗ ಹೋದೆ.

ನಮ್ಮ ಕಡೆ ಔಷಧ ತಗೊಂಡ ಅಂದ್ರ ಒಂದ ಅರ್ಥ ರೀ. ಬೆಳಿಗೆ ಹೊಡಿಯೋ ವಿಷಾ ಕುಡದ ಅಂತ. ಅದರ ಮ್ಯಾಲ ಆ ಹುಡುಗಿಗೆ 'ನಮ್ಮಾಂವ' ಅನ್ನೂದು 'ನಮ್ಮ ಮಾಂವ' ಅಂತ ಕೇಳಿಸಿತ್ತು. ಆಕಿಗೆ ಮಾಂವ ಅಂದ್ರ ನಾನ, ನನ್ನ ಸುದ್ದೀನ ಹೇಳಾಕ ಹತ್ತೀನಿ ಅನ್ಕೊಂಡಳು. ಹೋಟೆಲ್ಲಿಗೆ ಓಡಿ ಹೋಗಿ ಅವ್ವಗ ಅಂದಾಳ: "ಮಾಮಾ ಔಷಧ ತಗೊಂಡಾನಂತ. ಎಲ್ಲಾ ಸಾಕಾಗೇತಂತ."

ಶಿಫ್ಟ್ ಬಿಟ್ಟು ಹೊರಗ ಬಂದ್ರ ಗೇಟಿನ ಮುಂದ ಅಕ್ಕ! ಖೋಲಿಗೆ ಬೀಗ ನೋಡಿ, ಮಂದೀನ ಕೇಳಕೋತ ಅಲ್ಲಿ ಬಂದಿದ್ದಳು. ನನ್ನ ಕಂಡಾಕಿ ಓಡಿ ಬಂದು ಎರಡೂ ಕೈಲೆ ನನ್ನ ತೋಳ ಹಿಡಕೊಂಡಳು. ಬಳಿಗೋಳಿಗೆ ಚಪಾತಿ ಹಿಟ್ಟು ಒಣಗಿ ಹತ್ತಿತ್ತು. ಕೈ ಸೈತ ತೊಳಕೊಳ್ಳದ ಬಸ್ ಹತ್ಯಾಳ. "ಏ ಭಾಡ್ಯಾ, ಫೋನ್ ಯಾಕ ಎತ್ತಲಿಲ್ಲೋ!" ಅಂತ ಬೆನ್ನಿಗೆ ಗುದ್ದಿದಳು.

ಏನಾಗೇತಿ ಅಂತ ತಿಳಿದ ಮ್ಯಾಲ ನನಗ ನಗು ತಡಿಯಾಕ ಆಗಲಿಲ್ಲ. "ಅಕ್ಕಾ, ಅದು ಸೈಕಲ್‌ನಾಂವನ ಸುದ್ದಿ! ನಾ ಹಂಗ ಮಾಡ್ಕೋತೀನಂತ ಹೆಂಗ ನಂಬಿದಿ? ಹುಚ್ಚಿ!"

ಅಕ್ಕ ನಗಲಿಲ್ಲ. "ನಂಬದ ಏನ ಮಾಡ್ಲಿ? ದಿನಾ ಮಾತು ಮುಗಿದ ಮ್ಯಾಲೂ 'ಮತ್ತೇನ ವಿಶೇಷ, ಮತ್ತೇನ ವಿಶೇಷ' ಅಂತ ಕೇಳಕೋತ ಇರತಿ. ಫೋನ್ ಇಡಾಕ ಬಿಡಂಗಿಲ್ಲ ನೀ. ನನಗ ತಿಳಿಯಂಗಿಲ್ಲೇನು?"

ನನ್ನ ನಗು ಅಲ್ಲೇ ನಿಂತಿತು. ಒಬ್ಬಂವನ ಅದೀನಿ, ಬ್ಯಾಸರ ಆಗೇತಿ ಅಂತ ನಾ ಎಂದೂ ಬಾಯಿ ಬಿಟ್ಟು ಅಂದಾಂವಲ್ಲ. ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ.

ಖೋಲಿಗೆ ಬಂದು ಅಕ್ಕ ಚಾ ಮಾಡಿದಳು. ರೇಸ್ ಹಚ್ಚಂಗಿಲ್ಲ ಅಂತ ನಾ ಹಟಾ ಹಿಡದ್ರ, "ಹಚ್ಚೋ, ಅದೇನ ಗುಡ್ಡಾ ಐತಿ ನಾನೂ ನೋಡ್ತೀನಿ" ಅಂದಳು. ಯಾರೋ ಹೊಸಬ ಎಲ್ಲಾರನೂ ಹಿಂದ ಹಾಕಿ ಒಬ್ಬನ ಏರಾಕ ಹತ್ತಿದ್ದ. ನನ್ನ ಹಾಳ ಮನಸು ಮತ್ತ ಅವನ ಬೆನ್ನ ಹತ್ತಿತು.

"ಇವನರ ಖರೇನ ಏರತಿರಬೇಕಕ್ಕಾ" ಅಂದೆ. "ಆ ಟೆಸ್ಟ್ ಗಿಸ್ಟ್ ಬ್ಯಾಡ. ತಮ್ಮವ್ವನ ತಲಿ ಮುಟ್ಟಿ ಆಣಿ ಮಾಡ್ಲಿ, ನಾ ನಂಬತೀನಿ."

ಅಕ್ಕ ಚಾದ ಕಪ್ ಕೆಳಗಿಟ್ಟಳು. ನನ್ನ ಕೈ ಹಿಡದು ತನ್ನ ನೆತ್ತಿ ಮ್ಯಾಲ ಇಟ್ಕೊಂಡಳು.

"ಅವ್ರು ಏನರ ತಗೋಳ್ಳಿ ಬಿಡೋ. ನೀ ತಗೋಳ್ಳಂಗಿಲ್ಲಂತ ಹೇಳು."

ಮೊಬೈಲಿನಾಗ ಮಂದಿ ಜೋರಾಗಿ ಕಿರಚಿದ್ರು. ಯಾರು ಗೆದ್ದರೋ ನಾ ನೋಡಲಿಲ್ಲ. "ಇಲ್ಲಕ್ಕಾ" ಅಂದೆ. ಆಕಿ ಕೈ ಬಿಡಲಿಲ್ಲ. "ಇಲ್ಲಕ್ಕಾ, ತಗೋಳ್ಳಂಗಿಲ್ಲ" ಅಂತ ಮತ್ತೊಮ್ಮೆ ಅಂದೆ.