ಒಂದೇ ಕೂಗು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕರೆದರೆ ಒಂದೇ ಕೂಗಿಗೆ ಓ ಅನ್ನುವ ಹಾಗಿರಲಿಲ್ಲ. ಅದರಲ್ಲೂ ಮಟಮಟ ಮಧ್ಯಾಹ್ನ. ಮೊದಲ ಕೂಗಿಗೆ ಬಾಯಿ ಮುಚ್ಚಿಕೊಂಡಿರಬೇಕು, ಎರಡನೆಯದಕ್ಕೂ ಅಷ್ಟೇ. ಮೂರನೆಯ ಸಲ ಕರೆದರೆ ಮಾತ್ರ ಕರೆದವರು ಮನುಷ್ಯರು ಅಂತ ಅರ್ಥ. ಮನುಷ್ಯರಲ್ಲದವು ಒಂದೇ ಸಲ ಕರೆಯುತ್ತವೆ, ಅದೂ ನಮ್ಮವರದೇ ದನಿಯಲ್ಲಿ ಕರೆಯುತ್ತವೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನಗಬೇಡಿ. ನೀವು ಅಲ್ಲಿದ್ದಿದ್ದರೆ ನೀವೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಜಗಳೂರಿನಿಂದ ಆಚೆಗೆ ನಮ್ಮೂರು. ಮಧ್ಯಾಹ್ನವಾದರೆ ಶೇಂಗಾ ಹೊಲದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ದೂರದಿಂದ ಒಂದು ದನಿ ಬಂದರೆ ಎದೆ ಝಲ್ಲೆನ್ನುತ್ತಿತ್ತು.

ಅಜ್ಜಿಯ ಹೆದರಿಕೆಗೆ ಕಾರಣವಿತ್ತು. ನಮ್ಮವ್ವ ನನ್ನನ್ನು ಹೆತ್ತ ದಿನ, ನೋವು ತಿನ್ನುತ್ತಾ ಮಲಗಿದ್ದವಳು, ಹಿತ್ತಲ ಕಡೆಯಿಂದ ಯಾರೋ ಕರೆದರು ಅಂತ "ಓ" ಅಂದಳಂತೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಸಂಜೆಗೆ ನಾನು ಹುಟ್ಟಿದೆ, ಅವ್ವ ತೀರಿಕೊಂಡಳು. "ಓಗೊಟ್ಟಳು, ಹೋದಳು" ಅಂತ ಅಜ್ಜಿ ಅಷ್ಟೇ ಹೇಳುತ್ತಿದ್ದಳು. ಆ ಮಾತು ಕೇಳಿದರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. "ರಕ್ತ ಹೋಗಿ ಸತ್ಲು ಅವಳು. ಆಸ್ಪತ್ರೆಗೆ ಒಯ್ದಿದ್ರೆ ಉಳೀತಿದ್ಲು" ಅಂತ ತನ್ನ ತಾಯಿಯ ಮೇಲೆ ರೇಗುತ್ತಿದ್ದ. ಇಬ್ಬರ ಜಗಳದ ನಡುವೆ ನನ್ನನ್ನು ಸಾಕಿದವಳು ಅಕ್ಕ. ಸೊಂಟದ ಮೇಲೆ ಹೊತ್ತು ತಿರುಗಿದವಳು, ತಲೆ ಬಾಚಿ ಹೇನು ತೆಗೆದವಳು, ಪುಟ್ಟೀ ಅಂತ ಕರೆಯುತ್ತಿದ್ದವಳು ಅವಳೊಬ್ಬಳೇ. ಉಳಿದವರ ಬಾಯಲ್ಲಿ ನಾನು ಬರೀ 'ಏ ಹುಡುಗಿ'.

ಆ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಭಾವ ಕುರಿ ಹಿಂಡು ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದರು. ಒಂದು ದಿನ ಬೆಳಿಗ್ಗೆ ನೋವು ಶುರುವಾಯಿತು. ಊರಿಗೆ ಬರುತ್ತಿದ್ದ ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಮಲಗೈತೆ. ಇಲ್ಲಿ ಹೆರಿಗೆ ಮಾಡಾಕೆ ಆಗಲ್ಲ, ದಾವಣಗೆರೆಗೆ ಕರ್ಕಂಡು ಹೋಗ್ರಿ" ಅಂದಳು. ಅಜ್ಜಿ ಬೇಡ ಅಂತ ಹಟ ಹಿಡಿದಳು. ಅಪ್ಪ ಕೇಳಲಿಲ್ಲ, ಕೊನೆಗೆ ಅವಳೂ ಗೊಣಗುತ್ತಾ ಜೊತೆಗೆ ಹೊರಟಳು. ಅಕ್ಕ ನನ್ನ ಕೈ ಬಿಡಲೇ ಇಲ್ಲ, ಹಾಗಾಗಿ ನನ್ನನ್ನೂ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತಿದ್ದಳು. ಅವ್ವ ಹೋದ ಹಾಗೆ ಇವಳೂ ಹೋಗಿಬಿಟ್ಟರೆ ನನಗೆ ಯಾರು ಗತಿ ಅಂತ ಅದೊಂದೇ ಯೋಚನೆ ನನಗೆ.

ಅಷ್ಟು ದೊಡ್ಡ ಆಸ್ಪತ್ರೆಯನ್ನು ನಾನು ಅದೇ ಮೊದಲು ನೋಡಿದ್ದು. ಒಳಗೆ ಕಾಲಿಟ್ಟ ಕೂಡಲೇ ಫಿನಾಯಿಲಿನ ವಾಸನೆ ಗಂಟಲಿಗೆ ಹೊಡೆಯಿತು. ಚಪ್ಪಲಿ ಹೊರಗೆ ಬಿಡಬೇಕಿತ್ತು, ನೆಲ ಬಾವಿಯ ಮೆಟ್ಟಿಲಿನ ಹಾಗೆ ತಣ್ಣಗಿತ್ತು. ಉದ್ದನೆಯ ವರಾಂಡ, ಅದರ ಕೊನೆಯಲ್ಲಿ ತಳ್ಳಿ ಬಿಟ್ಟರೆ ತಾನಾಗಿ ತೂಗಾಡಿ ಮುಚ್ಚಿಕೊಳ್ಳುವ ಹಸಿರು ಬಾಗಿಲು. ನರ್ಸೊಬ್ಬರು ಬಂದು ಅಕ್ಕನ ಸೀರೆ ಬಿಡಿಸಿ ಬಿಳಿ ನಿಲುವಂಗಿ ತೊಡಿಸಿದರು. ಆಮೇಲೆ ಸೀಮಂತದ ಹಸಿರು ಬಳೆಗಳನ್ನು ಒಂದೊಂದೇ ಕಳಚತೊಡಗಿದರು. ಅಜ್ಜಿ ಹೌಹಾರಿದಳು.

"ಅಯ್ಯೋ ಶಿವನೇ! ಮುತ್ತೈದಿ ಕೈ ಬರಿದು ಮಾಡ್ತೀರೇನ್ರೀ?"

"ಆಪರೇಷನ್ ಮಾಡಬೇಕಾಗಬಹುದು ಅಜ್ಜಿ, ಕೈಯಾಗೆ ಬಳೆ ಇರಬಾರ್ದು. ಹೆದರಬ್ಯಾಡ್ರಿ, ಎಲ್ಲರಿಗೂ ಹಿಂಗೇ ಮಾಡೋದು" ಅಂತ ನರ್ಸು ಸಮಾಧಾನವಾಗಿಯೇ ಹೇಳಿ, ಬಳೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಜ್ಜಿಯ ಮಡಿಲಿಗೆ ಹಾಕಿದರು.

ಹಣೆಯ ಕುಂಕುಮ ಬೆವರಿಗೆ ಆಗಲೇ ಅಳಿಸಿಹೋಗಿತ್ತು. ಬಿಳಿ ಬಟ್ಟೆ, ಬರಿಗೈ, ಬರಿಹಣೆ. ತಳ್ಳುಗಾಡಿಯ ಮೇಲೆ ಮಲಗಿದ್ದವಳು ನನ್ನ ಅಕ್ಕನ ಹಾಗೆ ಕಾಣಲೇ ಇಲ್ಲ. "ಪುಟ್ಟೀ, ಅಜ್ಜಿ ಹತ್ರನೇ ಇರು" ಅಂದಳು. ಬಾಗಿಲು ಅವಳನ್ನು ಒಳಗೆ ತೆಗೆದುಕೊಂಡು, ಎರಡು ಸಲ ತೂಗಾಡಿ ನಿಂತಿತು. ನನಗೆ ಅಳು ಬಂತು, ಅಜ್ಜಿ ಸೆರಗಿನಿಂದ ಮುಖ ಒರೆಸಿದಳು.

ಅಪ್ಪ ಫ್ಲಾಸ್ಕು ಹಿಡಿದು ಬಿಸಿನೀರು ತರಲು ಕೆಳಗೆ ಹೋದ. ಬೆಂಚಿನ ಮೇಲೆ ಕೂತಿದ್ದ ಉಳಿದವರೂ ಊಟಕ್ಕೆ ಎದ್ದುಹೋದರು. ಅಷ್ಟು ಉದ್ದದ ವರಾಂಡದಲ್ಲಿ ನಾವಿಬ್ಬರೇ ಉಳಿದೆವು. ಗೋಡೆಯ ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೊದಲು ಒಳಗಿಂದ ಅಕ್ಕನ ನರಳಾಟ ಕೇಳಿಸುತ್ತಿತ್ತು, ಈಗ ಅದೂ ನಿಂತುಹೋಗಿತ್ತು. ಹೊರಗೆ ನೆತ್ತಿಯ ಮೇಲೆ ಸೂರ್ಯ ಬಂದಿದ್ದ.

ಆಗ ಆ ಬಾಗಿಲಿನ ಹಿಂದಿನಿಂದ ಒಂದು ದನಿ ಅಕ್ಕನ ಹೆಸರು ಹಿಡಿದು, ಅವರ ಕಡೆಯವರು ಯಾರು ಅಂತ ಕರೆಯಿತು. ಯಾರ ಮುಖವೂ ಕಾಣಲಿಲ್ಲ, ಬಾಗಿಲೂ ತೆರೆಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಒರಟು ಅಂಗೈ ನನ್ನ ಬಾಯಿಯ ಮೇಲಿತ್ತು.

"ಸುಮ್ನಿರು. ಇನ್ನೆಲ್ಡು ಸಲ ಕರೀಲಿ."

ಕಾದೆವು. ಎರಡನೆಯ ಕೂಗು ಬರಲಿಲ್ಲ. ಇದ್ದಕ್ಕಿದ್ದಂತೆ ಹತ್ತಿರದಲ್ಲೇ ಬಳೆ ಘಲ್ ಘಲ್ ಅಂದವು. ಬೆಚ್ಚಿ ನೋಡಿದರೆ ಅಜ್ಜಿಯ ಮಡಿಲಲ್ಲಿದ್ದ ಬಳೆಗಂಟು, ಅವಳ ಮೊಣಕಾಲು ಗಡಗಡ ನಡುಗುತ್ತಿದ್ದವು. ಅವಳು ಹಸಿರು ಬಾಗಿಲನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ನನಗೆ ಬಾಗಿಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಮತ್ತೆ ಒಂದು ದನಿ ಬಂತು. ಈ ಸಲ ಅದು ಅಕ್ಕನದೇ. "ಅಜ್ಜೀ..." ಅಂತ, ದೂರದ ಹೊಲದಿಂದ ಬಂದ ಹಾಗೆ, ಒಂದೇ ಸಲ. ಅಷ್ಟೇ. ನಲ್ಲಿಯ ತೊಟ್ಟಿನ ಸದ್ದು ಬಿಟ್ಟರೆ ಆಮೇಲೆ ಏನೂ ಇಲ್ಲ.

ಅಜ್ಜಿ ನನ್ನ ಬಾಯಿಯಿಂದ ಕೈ ತೆಗೆದಳು. ಮೆಲ್ಲಗೆ ಎದ್ದು ನಿಂತು ನನ್ನನ್ನು ಬೆನ್ನ ಹಿಂದಕ್ಕೆ ತಳ್ಳಿದಳು.

"ನೀ ಬಾಯಿ ಬಿಡಬ್ಯಾಡ. ನಾ ಅಂತೀನಿ. ಕರ್ಕಂಡು ಹೋಗಾಕೆ ಬಂದಿದ್ರೆ ನನ್ನೇ ಕರ್ಕಂಡು ಹೋಗ್ಲಿ."

ಆಮೇಲೆ, ಮಕ್ಕಳೇ, ಜನ್ಮದಲ್ಲಿ ಯಾವತ್ತೂ ಒಂದು ಕೂಗಿಗೆ ಓಗೊಡದ ನನ್ನ ಅಜ್ಜಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ, "ಓ! ಬಂದೆ ನನ್ನವ್ವಾ, ಬಂದೆ!" ಅಂತ ಕೂಗಿ ಬರಿಗಾಲಲ್ಲಿ ಓಡಿದಳು. ಅಷ್ಟು ಜೋರಾಗಿ ಅವಳು ಓಡಿದ್ದನ್ನು ನಾನು ಮುಂದೆಂದೂ ನೋಡಲಿಲ್ಲ. ಬಾಗಿಲು ತಳ್ಳಿಯೇಬಿಟ್ಟಳು.

ಒಳಗಿದ್ದ ನರ್ಸು ಗದರಿದರು. "ಎಲ್ಲಿ ಹೋಗಿದ್ರಿ? ಕರೆದೆ, ಯಾರೂ ಓ ಅನ್ನಲಿಲ್ಲ. ಊಟಕ್ಕೆ ಹೋಗ್ಯಾರೆ ಅಂದ್ಕಂಡೆ. ರಕ್ತ ಹೋಗ್ತಾ ಐತೆ, ಬೇಗ ರಕ್ತ ಕೊಡಬೇಕು. ಗಂಡಸರು ಯಾರದಾರೆ?"

ಅಜ್ಜಿ ತನ್ನ ಕಡ್ಡಿಯಂಥ ತೋಳನ್ನೇ ಚಾಚಿ, "ನಂದೇ ತಗೋರಿ, ಎಲ್ಲಾ ತಗೋರಿ" ಅಂದಳು. "ನಿಮ್ದು ಆಗಲ್ಲ ಅಜ್ಜಿ" ಅಂತ ನರ್ಸು ಅನ್ನುವಷ್ಟರಲ್ಲಿ ಅಜ್ಜಿಯ ಕೂಗು ಕೇಳಿ ಅಪ್ಪ ಮೆಟ್ಟಿಲು ಹತ್ತಿ ಓಡಿಬಂದಿದ್ದ. ಫ್ಲಾಸ್ಕು ನನ್ನ ಕೈಗಿಟ್ಟು, ಅಂಗಿಯ ತೋಳು ಮಡಚುತ್ತಲೇ ಅವರ ಹಿಂದೆ ಹೋದ. ಪುಣ್ಯಕ್ಕೆ ಅವನ ರಕ್ತ ಅಕ್ಕನಿಗೆ ಹೊಂದಿತು. ಸ್ವಲ್ಪ ತಡವಾಗಿದ್ದರೂ ಕೈ ಮೀರುತ್ತಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. ಬಿಸಿಲು ಇಳಿಯುವ ಹೊತ್ತಿಗೆ ಹಸಿರು ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟರು, ಬಳೆಗಂಟಿನ ಪಕ್ಕದಲ್ಲೇ.

ಮಾರನೆಯ ದಿನ ಅಕ್ಕನ ಹಾಸಿಗೆಯ ಪಕ್ಕ ಕೂತು ನಾನು, "ಅಜ್ಜೀ ಅಂತ ಕರೆದೆಯಲ್ಲ, ಆಗ ಭಾಳ ನೋವಿತ್ತಾ?" ಅಂತ ಕೇಳಿದೆ. ಅಕ್ಕ ಹುಬ್ಬು ಗಂಟಿಕ್ಕಿದಳು. "ನಾನೆಲ್ಲಿ ಕರೆದೆ ಪುಟ್ಟೀ?" ಅಂದಳು. ನರ್ಸೂ ನಕ್ಕರು. "ಆಗಲೇ ಮತ್ತು ಬರಾಕೆ ಔಷಧಿ ಕೊಟ್ಟಿದ್ವಿ. ಅವಳು ಹೆಂಗೆ ಕರೀತಾಳೆ?" ನಾನು ಅಜ್ಜಿಯ ಕಡೆ ನೋಡಿದೆ. ಅವಳು ತಲೆ ಎತ್ತದೆ ಕೂಸಿನ ಕಾಲು ಒತ್ತುತ್ತಿದ್ದಳು.

ಅವಳು ಅದರ ಬಗ್ಗೆ ಬಾಯಿ ಬಿಟ್ಟಿದ್ದು ಎಷ್ಟೋ ವರ್ಷದ ಮೇಲೆ, ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಾಗ.

"ಅವತ್ತು ನಿನಗೆ ಹೆಂಗೆ ಕೇಳಿಸ್ತು?"

"ಅಜ್ಜೀ ಅಂತ."

"ನನಗೆ ಅತ್ತೀ ಅಂತ ಕೇಳಿಸ್ತು" ಅಂದಳು ಅಜ್ಜಿ.

ಅಜ್ಜಿಯನ್ನು ಅತ್ತೀ ಅಂತ ಕರೆಯುತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ, ಅವಳ ಸೊಸೆ. ನನ್ನನ್ನು ಹೆತ್ತು ಹೋದ ನಮ್ಮವ್ವ.

"ಮಗಳನ್ನ ಒಯ್ಯಾಕೆ ಬಂದಾಳೆ ಅಂದ್ಕಂಡು ಓಡಿದೆ ಕಣೇ. ಒಯ್ಯಾಕೆ ಬಂದಿರ್ಲಿಲ್ಲ. ನನ್ನ ಎಬ್ಬಿಸಾಕೆ ಬಂದಿದ್ಲು." ಅಜ್ಜಿ ಅತ್ತಳು, ನಾನೂ ಅತ್ತೆ. ಆಸ್ಪತ್ರೆಯ ಆ ದಿನದಿಂದ ಸಾಯುವವರೆಗೂ ಅವಳು ಯಾರು ಕರೆದರೂ ಮೊದಲ ಕೂಗಿಗೇ ಓ ಅನ್ನುತ್ತಿದ್ದಳು. ಬಾಗಿಲು ಗಾಳಿಗೆ ಕಿರುಗುಟ್ಟಿದರೂ "ಓ, ಬಂದೆ" ಅನ್ನುತ್ತಿದ್ದಳು. ಅಪ್ಪ ಚೇಷ್ಟೆ ಮಾಡಿದರೆ, "ಯಾರಾದ್ರೂ ಆಗ್ಲಿ, ಕಷ್ಟದಾಗಿದ್ರೆ?" ಅಂತ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಮೊನ್ನೆ ನಿಮ್ಮಮ್ಮನ ಹೆರಿಗೆಗೆ ನೀವು ನನ್ನ ಜೊತೆ ಕೂತಿದ್ದಿರಲ್ಲ, ಅದೂ ದಾವಣಗೆರೆಯೇ. ಆದರೆ ಫಿನಾಯಿಲಿನ ವಾಸನೆ ಇಲ್ಲ, ತಂಪು ಗಾಳಿ, ಮೆತ್ತನೆ ಕುರ್ಚಿ. ಕೂಸಿನ ಎದೆಬಡಿತವನ್ನು ಮಿಷಿನ್ನಿನಲ್ಲಿ ನಿಮಗೂ ಕೇಳಿಸಿದರು. ನಿಮ್ಮಪ್ಪನನ್ನು ಒಳಗೇ ಬಿಟ್ಟುಕೊಂಡರು. ಹೆಸರು ಹಿಡಿದು ಕೂಗುವವರೇ ಇಲ್ಲ, ಗೋಡೆಯ ಮೇಲೆ ನಂಬರು ಹೊತ್ತಿಕೊಳ್ಳುತ್ತದೆ. ನೀವಿಬ್ಬರೂ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಮೊಬೈಲು ನೋಡುತ್ತಿದ್ದಿರಿ. ನಾನು ಎದ್ದು ನಿಂತು "ಓ, ಬಂದೆ" ಅಂದಾಗ ಎಲ್ಲರೂ ತಿರುಗಿ ನೋಡಿದರು, ನಿಮಗೆ ನಾಚಿಕೆಯಾಯಿತು. ಗಾಜಿನ ಬಾಗಿಲು ತೆರೆದು ನರ್ಸು, "ಯಾರೂ ಕರೀಲಿಲ್ಲ ಅಜ್ಜಿ, ಕೂತ್ಕೊಳ್ಳಿ" ಅಂದಳು. ಅವಳ ಮಾತು ಮುಗಿಯುವ ಮೊದಲೇ ಒಳಗೆ ನಿಮ್ಮ ತಮ್ಮ ಅತ್ತ.

ಯಾರಿಗೆ ಓ ಅಂದೆ ಅಜ್ಜಿ ಅಂತ ಅವತ್ತಿನಿಂದ ಪೀಡಿಸುತ್ತಿದ್ದೀರಿ. ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನನ್ನು ಪುಟ್ಟೀ ಅಂತ ಕರೆಯುವವರು ಈಗ ಯಾರೂ ಉಳಿದಿಲ್ಲ. ಆದರೂ ಕರೆದರು, ಒಂದೇ ಸಲ. ನಾನು ಓ ಅಂದೆ.