ತಾರಸಿಯಲ್ಲಿ ಸಿಕ್ಕ ಉಪಗ್ರಹ

"ಅಪ್ಪಾ, ಅಲ್ಲಾಡಬೇಡಿ, ಬಂತು!"

ಜನಕಪುರಿಯ ನಮ್ಮ ತಾರಸಿಯಲ್ಲಿ, ನಾನು ಅಳತೆ ಟೇಪಿನಿಂದ ಮಾಡಿದ ಆಂಟೆನಾವನ್ನು ಅಪ್ಪ ಆಕಾಶದತ್ತ ಹಿಡಿದು ನಿಂತಿದ್ದರು. ವಿದ್ಯಾರ್ಥಿಗಳು ನಿರ್ಮಿಸಿದ ಪುಟ್ಟ ಉಪಗ್ರಹವೊಂದರ ಸಂಕೇತ ರೇಡಿಯೊದಲ್ಲಿ ಸಣ್ಣಗೆ ಕೇಳಿಸಿತು. ಎಂಜಿನಿಯರಿಂಗ್ ನಂತರ ನನಗೆ ಬಾಹ್ಯಾಕಾಶ ತಂತ್ರಜ್ಞಾನ ಓದುವಾಸೆ. ಮುಖರ್ಜಿ ನಗರದಲ್ಲಿ ಐಎಎಸ್ ಕೋಚಿಂಗ್ ಸೇರಬೇಕೆಂದು ಅಪ್ಪನ ಹಟ.

ಪಕ್ಕದ ತಾರಸಿಯ ಆಂಟಿ, ಟಿವಿ ಕೆಟ್ಟುಹೋಯಿತೇ ಎಂದು ನಕ್ಕರು: "ಭಾಯಿಸಾಬ್, ಟಿವಿ ಖರಾಬ್ ಹೋ ಗಯಾ ಕ್ಯಾ?"

"ನಹೀಂ ಜೀ, ಬೇಟಿ ನೇ ಸ್ಯಾಟಲೈಟ್ ಪಕಡಾ ಹೈ!" ಎಂದರು ಅಪ್ಪ, ಮಗಳು ಉಪಗ್ರಹವನ್ನೇ ಹಿಡಿದಿದ್ದಾಳೆಂದು ಸುತ್ತಲಿನವರಿಗೆಲ್ಲ ಕೇಳುವಂತೆ. ಆಮೇಲೆ ನನ್ನತ್ತ ತಿರುಗಿ, "ನಾಳೆ ಎಷ್ಟು ಹೊತ್ತಿಗೆ ಬರತ್ತಮ್ಮ ಇದು?" ಎಂದರು.

ಕೋಚಿಂಗಿನ ಮಾತು ಮತ್ತೆ ಬರಲಿಲ್ಲ. ಕಣ್ಣಿಗೆ ಕಾಣದ್ದು ಅಷ್ಟು ದೂರದಿಂದ ಮಾತಾಡುವ ಸೋಜಿಗಕ್ಕಾಗಿಯೇ ನಾನು ಓದುತ್ತಿರುವುದು. ಅದನ್ನು ಅಪ್ಪನಿಗೆ ಹೇಳಿ ತಿಳಿಸಲು ನನಗೆ ಬಂದಿರಲಿಲ್ಲ. ಈಗ ನನಗಿಂತ ಮೊದಲು ಅವರೇ ತಾರಸಿ ಹತ್ತುತ್ತಾರೆ.